ತಂಪು ಛಾವಣಿ

ತಂಪು ಛಾವಣಿಯು ಬಿಸಿಲನ್ನು ಹೆಚ್ಚಾಗಿ ಪ್ರತಿಫಲಿಸುವ ಹಾಗೂ ಹೀರಿದ ಶಾಖವನ್ನು ಬೇಗನೆ ಹೊರಸೂಸುವ ಮೇಲ್ಛಾವಣಿಯಾಗಿದೆ. ಸುಣ್ಣ, ಬಿಳಿ ಬಣ್ಣದ ಲೇಪನ ಅಥವಾ ಬಿಳಿ ಬಿಲ್ಲೆಗಳಿಂದ ಇದನ್ನು ರೂಪಿಸಲಾಗುತ್ತದೆ.

ಕಾರ್ಯವಿಧಾನ

ಕಾಂಕ್ರೀಟ್ ತಾರಸಿಯು ಹಗಲು ಹೀರಿದ ಶಾಖವನ್ನು ರಾತ್ರಿಯ ವೇಳೆ ಕೋಣೆಗಳಿಗೆ ಬಿಡುತ್ತದೆ. ಬಿಳಿ ಮೇಲ್ಮೈಯು ಈ ಶಾಖದ ಬಹುಪಾಲನ್ನು ಮೊದಲೇ ತಡೆಯುವುದರಿಂದ ಹವಾನಿಯಂತ್ರಕದ ಬಳಕೆ ತಗ್ಗುತ್ತದೆ. ಹವಾನಿಯಂತ್ರಕವಿಲ್ಲದ ತಗಡಿನ ಮನೆಗಳಿಗೆ ಇದು ವಿಶೇಷವಾಗಿ ಉಪಯುಕ್ತ.

ಮಿತಿಗಳು

ಧೂಳು, ಪಾಚಿ ಕಟ್ಟಿದಾಗ ಪ್ರತಿಫಲನ ಕುಗ್ಗುವುದರಿಂದ ಛಾವಣಿಯನ್ನು ತೊಳೆದು ಮರುಲೇಪಿಸಬೇಕಾಗುತ್ತದೆ. ಪ್ರಯೋಜನವು ಮುಖ್ಯವಾಗಿ ಮೇಲಂತಸ್ತಿಗೆ ಸೀಮಿತವಾಗಿದೆ. ಶೀತ ಪ್ರದೇಶಗಳಲ್ಲಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ವೆಚ್ಚ ಹೆಚ್ಚಬಹುದು.

ಭಾರತದಲ್ಲಿ

2010ರ ತೀವ್ರ ಬಿಸಿಗಾಳಿಯ ನಂತರ ಅಹಮದಾಬಾದ್ ನಗರವು 2013ರಲ್ಲಿ ಶಾಖ ಕ್ರಿಯಾ ಯೋಜನೆಯನ್ನು ರೂಪಿಸಿತು. 2017ರಲ್ಲಿ ತಂಪು ಛಾವಣಿ ಕಾರ್ಯಕ್ರಮವನ್ನು ಆರಂಭಿಸಿತು. ತೆಲಂಗಾಣ ಸರ್ಕಾರವು 2023ರಲ್ಲಿ ತಂಪು ಛಾವಣಿ ನೀತಿಯನ್ನು ಪ್ರಕಟಿಸಿತು.