ಒಡೆದ ಚೂರಿಗೂ ಅದೇ ವೋಲ್ಟ್

ಚಾವಣಿಯ ಮೇಲಿನ ಸೌರಫಲಕವು ನೋಡುವವರಿಗೆ ಒಂದೇ ನೀಲಿ ಹಲಗೆಯಂತೆ ಕಂಡರೂ, ಅದು ಹಲವು ಸೌರಕೋಶಗಳನ್ನು, ಎಂದರೆ ಬೆಳಕು ಬಿದ್ದಾಗ ನೇರವಾಗಿ ವಿದ್ಯುತ್ತನ್ನು ಕೊಡುವ ತೆಳುವಾದ ಸಿಲಿಕಾನ್ ಬಿಲ್ಲೆಗಳನ್ನು, ಗಾಜಿನ ಕೆಳಗೆ ಪೋಣಿಸಿದ ಮಾಲೆಯಾಗಿದೆ. ಮನೆಯಲ್ಲಿ ಫಲಕವನ್ನು ತಯಾರಿಸುವುದೆಂದರೆ ಈ ಮಾಲೆಯನ್ನು ಕಟ್ಟುವುದೇ ಹೊರತು ಕೋಶವನ್ನೇ ಸೃಷ್ಟಿಸುವುದಲ್ಲ. ಕಾಯಿಸಿ ಕಪ್ಪಾಗಿಸಿದ ತಾಮ್ರದ ತಗಡನ್ನು ಉಪ್ಪುನೀರಿನಲ್ಲಿಟ್ಟು ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಪ್ರಯೋಗ ಶಾಲಾ ಮಕ್ಕಳಿಗೆ ಹೇಳಿ ಮಾಡಿಸಿದ್ದಾದರೂ, ಅದು ಮೀಟರಿನ ಮುಳ್ಳನ್ನು ಅಲುಗಿಸೀತೇ ವಿನಾ ಪುಟ್ಟ ದೀಪವನ್ನೂ ಉರಿಸಲಾರದು.

ಹಳೆಯ ಸಾಮಗ್ರಿಯಿಂದ ಫಲಕ ಸಾಧ್ಯವಾಗುವುದು ಸಿಲಿಕಾನಿನ ಒಂದು ಗುಣದಿಂದ. ಪೂರ್ಣ ಬಿಸಿಲಿನಲ್ಲಿ ಕೆಲಸ ಮಾಡುವ ಕೋಶವೊಂದು ಸುಮಾರು ಅರ್ಧ ವೋಲ್ಟ್ ಕೊಡುತ್ತದೆ. ಈ ಒತ್ತಡಕ್ಕೂ ಕೋಶದ ಗಾತ್ರಕ್ಕೂ ಸಂಬಂಧವಿಲ್ಲ. 156 ಮಿಲಿಮೀಟರ್ ಚೌಕದ ಕೋಶವು ಎಂಟು ಆಂಪಿಯರಿನಷ್ಟು ಪ್ರವಾಹ ಕೊಟ್ಟರೆ, ಅದರ ಕಾಲುಭಾಗದ ಚೂರು ಎರಡು ಆಂಪಿಯರ್ ಕೊಡುತ್ತದೆ, ಆದರೆ ವೋಲ್ಟ್ ಮಾತ್ರ ಇಡೀ ಕೋಶದ್ದೇ. ಹೀಗಾಗಿ ಕಾರ್ಖಾನೆಯು ತಿರಸ್ಕರಿಸಿದ ಸೀಳು ಕೋಶಗಳೂ ಮೂಲೆ ಮುರಿದವೂ ಉಪಯೋಗಕ್ಕೆ ಬರುತ್ತವೆ. ಒಂದೇ ಷರತ್ತೆಂದರೆ, ಕೋಶದ ಮೇಲಿನ ಕೂದಲೆಳೆಯಂಥ ಬೆಳ್ಳಿಗೆರೆಗಳು ಬಂದು ಸೇರುವ ದಪ್ಪ ಪಟ್ಟಿಯ ತುಣುಕೊಂದು ಆ ಚೂರಿನಲ್ಲಿರಬೇಕು; ಇಲ್ಲವಾದರೆ ತಂತಿಯನ್ನು ಬೆಸೆಯಲು ನೆಲೆಯೇ ಸಿಗದು.

ಚೂರುಗಳನ್ನು ಸರಣಿಯಲ್ಲಿ, ಎಂದರೆ ಒಂದರ ಮುಂಭಾಗವನ್ನು ಮುಂದಿನದರ ಹಿಂಭಾಗಕ್ಕೆ ಸೇರಿಸುತ್ತ, ಜೋಡಿಸಿದಾಗ ವೋಲ್ಟುಗಳು ಕೂಡುತ್ತವೆ, ಪ್ರವಾಹವಾದರೋ ಸಾಲಿನ ಅತ್ಯಂತ ದುರ್ಬಲ ಚೂರಿಗೆ ಕಟ್ಟುಬೀಳುತ್ತದೆ: ಕಾಲುವೆಯೊಂದು ಎಲ್ಲಿ ಅತಿ ಕಿರಿದೋ ಅಲ್ಲಿ ಹಾಯುವಷ್ಟೇ ನೀರು ಕೊನೆಯ ಗದ್ದೆಗೆ ತಲುಪುವ ಹಾಗೆ. ಆದುದರಿಂದ ದೊಡ್ಡ ಚೂರುಗಳ ನಡುವೆ ಒಂದು ಸಣ್ಣದನ್ನು ಸೇರಿಸುವುದು ಉಳಿತಾಯವಲ್ಲ, ನಷ್ಟ. ಪ್ರತಿ ಚೂರನ್ನೂ ಬಿಸಿಲಿಗೆ ಹಿಡಿದು, ಮಲ್ಟಿಮೀಟರಿನಿಂದ ಪ್ರವಾಹವನ್ನು ಅಳೆದು, ಸಮಾನವಾದವನ್ನು ಗುಂಪು ಮಾಡುವ ಬೇಸರದ ಕೆಲಸವೇ ಈ ಕಸುಬಿನ ಮುಕ್ಕಾಲು ಪಾಲು. ಕೋಶದ ದಪ್ಪ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲದ ಕಾರಣ, ಬೆಸುಗೆಯ ಕಡ್ಡಿಯನ್ನು ತುಸು ಒತ್ತಿದರೂ ಅದು ಹಪ್ಪಳದಂತೆ ಮುರಿಯುತ್ತದೆ.

12 ವೋಲ್ಟಿನ ಬ್ಯಾಟರಿಗೆ 36 ಕೋಶಗಳು, ಎಂದರೆ 18 ವೋಲ್ಟ್, ಏಕೆ ಬೇಕೆಂಬ ಪ್ರಶ್ನೆ ಸಹಜ. ಸೀಸದ ಬ್ಯಾಟರಿ ತುಂಬಲು 14 ವೋಲ್ಟಿಗೂ ಮಿಕ್ಕ ಒತ್ತಡ ಬೇಕಾಗುತ್ತದೆ. ಅದರ ಮೇಲೆ, ಸೌರಕೋಶವು ಬಿಸಿಲನ್ನು ಬಯಸಿದರೂ ಬಿಸಿಯನ್ನು ಸಹಿಸದು. ಉಷ್ಣತೆ ಒಂದು ಡಿಗ್ರಿ ಏರಿದಾಗ ಪ್ರತಿ ಕೋಶವು ಸುಮಾರು ಎರಡು ಮಿಲಿವೋಲ್ಟ್ ಕಳೆದುಕೊಳ್ಳುವುದರಿಂದ, ರಾಯಚೂರಿನ ಬೇಸಿಗೆಯಲ್ಲಿ 65 ಡಿಗ್ರಿಗೆ ಕಾದ ಫಲಕವು 25 ಡಿಗ್ರಿಯಲ್ಲಿ ಕೊಡುತ್ತಿದ್ದುದಕ್ಕಿಂತ ಮೂರು ವೋಲ್ಟಿನಷ್ಟು ಕಡಿಮೆ ಕೊಡುತ್ತದೆ. ರಾತ್ರಿ ಬ್ಯಾಟರಿಯ ವಿದ್ಯುತ್ತು ಫಲಕಕ್ಕೆ ಹಿಂದಿರುಗದಂತೆ ತಡೆಯುವ ಡಯೋಡ್, ಎಂದರೆ ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ, ಇನ್ನೂ ಅರ್ಧ ವೋಲ್ಟ್ ಕಸಿಯುತ್ತದೆ. ಉಳಿಯುವುದು ಬ್ಯಾಟರಿಗೆ ಸಾಲುವಷ್ಟೇ.

ಗುಜರಿಯಲ್ಲಿ ಸಿಕ್ಕ ಒಡೆದ ಫಲಕದಿಂದಲೇ ಕೋಶಗಳನ್ನು ಬಿಡಿಸಿಕೊಳ್ಳುವ ಆಸೆ ಸಾಮಾನ್ಯವಾಗಿ ಫಲಿಸದು. ಕಾರ್ಖಾನೆಯಲ್ಲಿ ಕೋಶಗಳನ್ನು ಇ.ವಿ.ಎ. ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಸುಮಾರು 150 ಡಿಗ್ರಿಯಲ್ಲಿ ಒತ್ತಿರುತ್ತಾರೆ; ಒಮ್ಮೆ ಹೀಗೆ ಬೆಸೆದ ಪ್ಲಾಸ್ಟಿಕ್ ಮತ್ತೆ ಕರಗುವುದಿಲ್ಲ. ಸುಟ್ಟು ತೆಗೆಯಲು ಹೋದರೆ ವಿಷಾನಿಲವೇ ಲಾಭ. ಭಾರತದ 2022ರ ಇ-ತ್ಯಾಜ್ಯ ನಿಯಮಗಳು ಸೌರಫಲಕಗಳನ್ನೂ ತಮ್ಮ ವ್ಯಾಪ್ತಿಗೆ ತಂದಿರುವುದಕ್ಕೆ, ಬೆಸುಗೆಯಲ್ಲಿರುವ ಸೀಸವನ್ನು ನೆನೆದರೆ, ಅರ್ಥವಿದೆ. ಹಳೆಯ ಸಾಮಗ್ರಿಯಿಂದ ನಿಜವಾಗಿ ದಕ್ಕುವುದು ಅಲ್ಯೂಮಿನಿಯಂ ಚೌಕಟ್ಟು, ತಾಮ್ರದ ತಂತಿ, ಡಯೋಡುಗಳು ಮತ್ತು ಹಳೆಯ ಕಿಟಕಿಯ ಗಾಜು. ಕಿಟಕಿಯ ಗಾಜಿನ ಅಂಚಿನಲ್ಲಿ ಕಾಣುವ ಹಸಿರು ಛಾಯೆ ಅದರಲ್ಲಿರುವ ಕಬ್ಬಿಣದ್ದು. ಅದು ಸ್ವಲ್ಪ ಬೆಳಕನ್ನು ನುಂಗುತ್ತದೆ.

ಮನೆಯ ಫಲಕಗಳು ಹೆಚ್ಚಾಗಿ ಕೆಡುವುದು ನೀರಿನಿಂದ. ಗಾಜಿಗೂ ಹಿಂಬದಿಯ ಹಲಗೆಗೂ ನಡುವೆ ಗಾಳಿ ಉಳಿದರೆ ಅದರಲ್ಲಿನ ತೇವ ರಾತ್ರಿ ಹನಿಗಟ್ಟಿ, ಹಗಲು ಆವಿಯಾಗಿ, ಕ್ರಮೇಣ ತಂತಿಗಳನ್ನು ಹಸಿರುಗಟ್ಟಿಸುತ್ತದೆ. ಮಲೆನಾಡಿನಲ್ಲಿ ಇದಕ್ಕೆ ಒಂದು ಮಳೆಗಾಲ ಸಾಕು. ಅಂಚು ಮುಚ್ಚಲು ಬಳಸುವ ಸಿಲಿಕೋನ್ ಅಂಟು ಹುಳಿ ವಾಸನೆ ಬೀರುವ ಬಗೆಯದಾಗಿದ್ದರೆ ಅದರ ಅಸಿಟಿಕ್ ಆಮ್ಲವೇ ತಾಮ್ರವನ್ನು ತಿನ್ನುತ್ತದೆ. ಪ್ಲೈವುಡ್ ಬೆನ್ನಿನ ಫಲಕ ಇನ್ನೂ ಅಪಾಯಕಾರಿ, ಏಕೆಂದರೆ ಸಡಿಲ ಬೆಸುಗೆಯೋ ನೆರಳು ಬಿದ್ದ ಕೋಶವೋ ಕಾದು ಮರವನ್ನು ಸುಡಬಲ್ಲದು.

ಇಂಥ 36 ಕಾಲುಚೂರುಗಳಿಂದ ಲೆಕ್ಕಕ್ಕೆ ಸಿಗುವುದು 36 ವಾಟ್. ದಿನಕ್ಕೆ ಐದು ಗಂಟೆಯ ಗಟ್ಟಿ ಬಿಸಿಲಿನಲ್ಲಿ 180 ವಾಟ್-ಗಂಟೆ ಹುಟ್ಟಬೇಕಾದರೂ, ಶಾಖ, ಧೂಳು, ಬ್ಯಾಟರಿಗಳು ತಮ್ಮ ಪಾಲನ್ನು ತೆಗೆದ ಬಳಿಕ ಉಳಿಯುವ ಶಕ್ತಿಯಿಂದ ಒಂಬತ್ತು ವಾಟಿನ ಎರಡು ಎಲ್‌ಇಡಿ ದೀಪಗಳನ್ನು ಸಂಜೆಯಿಂದ ಮಲಗುವವರೆಗೆ ಉರಿಸಿ, ಒಂದು ಮೊಬೈಲನ್ನೂ ಚಾರ್ಜ್ ಮಾಡಬಹುದು. ಮನೆಯ ಮುಖ್ಯ ವಿದ್ಯುತ್ ಜಾಲಕ್ಕೆ ಮಾತ್ರ ಇದನ್ನು ಎಂದಿಗೂ ಸೇರಿಸಬಾರದು. ಬಿಸಿಲಿರುವವರೆಗೆ ಫಲಕವನ್ನು ಆರಿಸುವ ಸ್ವಿಚ್ ಎಂಬುದಿಲ್ಲದ ಕಾರಣ, ರಿಪೇರಿಗೆ ಕೂರುವ ಮುನ್ನ ಅದರ ಮೇಲೊಂದು ದಪ್ಪ ಕಂಬಳಿ ಹೊದಿಸುವುದು ವಾಡಿಕೆ.