ಜೇಬಿನಿಂದ ಅಂಗಡಿಗೆ ಬಂದ ಯಂತ್ರ

ಯಂತ್ರವು ಮೊದಲು ವ್ಯಾಪಾರಕ್ಕೆ ಬಂದು ಅನಂತರ ಮನೆಯನ್ನು ಸೇರುವುದು ಹಿಂದಿನ ಕ್ರಮವಾಗಿತ್ತು. ನಾವು ಮಠದ ಪಾಠಶಾಲೆಯಲ್ಲಿ ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ ದೂರವಾಣಿಯನ್ನು ಕಾಣಬೇಕಾದರೆ ಅಂಚೆ ಕಚೇರಿಗೋ ಅಡಿಕೆ ಮಂಡಿಗೋ ಹೋಗಬೇಕಾಗಿತ್ತು. ಗಣಕಯಂತ್ರವೂ ಅಷ್ಟೆ, ಮೊದಲು ಬ್ಯಾಂಕು, ಬಹುಕಾಲದ ಮೇಲೆ ಮನೆ. ಈಗ ಆ ಕ್ರಮವು ತಿರುವುಮುರುವಾಗಿದೆ. ಗಿರಾಕಿಯ ಜೇಬಿನಲ್ಲಿ ಏನಿದೆಯೆಂಬುದನ್ನು ನೋಡಿ ಅಂಗಡಿಯವನು ತನ್ನ ಗಲ್ಲಾಪೆಟ್ಟಿಗೆಯನ್ನು ಬದಲಾಯಿಸಿಕೊಳ್ಳುತ್ತಿದ್ದಾನೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಪೇಟೆಯಲ್ಲಿ ಒಮ್ಮೆ ನಡೆದುಬಂದರೆ ಇದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಚಹಾದಂಗಡಿ, ಹೂವಿನ ಬುಟ್ಟಿ, ಮಂಡಕ್ಕಿ ಮೆಣಸಿನಕಾಯಿಯ ಗಾಡಿ, ಎಲ್ಲೆಡೆಯೂ ಕ್ಯೂಆರ್ ಚೀಟಿ. ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ವ್ಯವಸ್ಥೆಯನ್ನು ಆರಂಭಿಸಿದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾಯಿತು; ನವೆಂಬರ್ 8ರಂದು ಐದುನೂರು, ಸಾವಿರದ ನೋಟುಗಳು ರದ್ದಾದವು. ಮೊದಮೊದಲು ಊರಿನ ಯುವಕರು ತಮ್ಮತಮ್ಮಲ್ಲೇ ಹಣ ಕಳುಹಿಸಿಕೊಂಡರು. ಅಂಗಡಿಯವನು ಸುಮ್ಮನೆ ನೋಡುತ್ತಿದ್ದನು. “ಫೋನ್‌ಪೇ ಐತೇನಣ್ಣ?” ಎಂದು ದಿನಕ್ಕೆ ಹತ್ತು ಜನ ಕೇಳತೊಡಗಿದ ಮೇಲೆ ಚೀಟಿಯನ್ನು ಅಂಟಿಸಿದನು. ಇಲ್ಲವೆಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುವನಲ್ಲವೆ? 2020ರ ಜನವರಿಯಿಂದ ವರ್ತಕರ ಮೇಲಿನ ಶುಲ್ಕವನ್ನು ಸರ್ಕಾರವು ತೆಗೆದುದು, ಬೆನ್ನಲ್ಲೇ ಕೊರೋನಾ ಬಂದು ನೋಟು ಮುಟ್ಟಲು ಜನ ಅಂಜಿದುದು ಮಿಕ್ಕ ಕೆಲಸವನ್ನು ಪೂರೈಸಿದವು. ಬಂದ ಹಣವನ್ನು ಕೂಗಿ ಹೇಳುವ ಡಬ್ಬಿಯು ಆಮೇಲೆ ಬಂದಿತು. ಅದಕ್ಕೆ ತಿಂಗಳ ಬಾಡಿಗೆ ಬೇರೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. ನಮ್ಮ ಸೀಮೆಯ ದೊಡ್ಡ ವ್ಯಾಪಾರವೆಂದರೆ ಚನ್ನಗಿರಿಯ ಅಡಿಕೆ. ಇತ್ತೀಚಿನ ವರ್ಷಗಳಲ್ಲಿ ರಾಶಿ ಅಡಿಕೆಯ ಧಾರಣೆಯು ಕ್ವಿಂಟಲಿಗೆ ನಲವತ್ತು ಸಾವಿರವನ್ನು ದಾಟಿದೆ. ಯುಪಿಐನಲ್ಲಿ ಒಬ್ಬರಿಂದೊಬ್ಬರಿಗೆ ದಿನಕ್ಕೆ ಸಾಮಾನ್ಯವಾಗಿ ಒಂದು ಲಕ್ಷ ರೂಪಾಯಿ ಮಿತಿಯಿರುವುದರಿಂದ, ಮೂರು ಕ್ವಿಂಟಲ್ ಮಾರಿದ ರೈತನಿಗೂ ಅದು ಸಾಲದು. ದೊಡ್ಡ ಲೆಕ್ಕವೆಲ್ಲ ಬ್ಯಾಂಕಿನ ದಾರಿಯಲ್ಲೇ ನಡೆಯಬೇಕು. ರಾಜ್ಯದ ಕೃಷಿ ಮಾರುಕಟ್ಟೆಗಳಿಗೆ 2014ರಿಂದ ಬಂದ ಗಣಕೀಕೃತ ಹರಾಜು ಸರ್ಕಾರದ ಆಜ್ಞೆಯಿಂದ ಬಂದುದೇ ಹೊರತು ಯಾರೂ ಕೇಳಿದ್ದರಿಂದಲ್ಲ. ಹತ್ತು ರೂಪಾಯಿಯ ಚಹಾ ಮಾರುವವನೇ ಹೊಸ ಯಂತ್ರಕ್ಕೆ ಮೊದಲು ಒಗ್ಗಿಕೊಂಡನು. ವಾಟ್ಸಾಪಿನ ಕಥೆಯೂ ಇದೇ. ಬಂಧುಗಳ ಕುಶಲ ಕೇಳಲೆಂದು ಹುಟ್ಟಿದ ಅದರಲ್ಲಿ ವರ್ತಕರು ಧಾರಣೆಯನ್ನೂ ಸರಕಿನ ಚಿತ್ರವನ್ನೂ ಕಳುಹಿಸುವುದನ್ನು ಕಂಡು, ಆ ಕಂಪನಿಯೇ 2018ರಲ್ಲಿ ವ್ಯಾಪಾರಿಗಳಿಗಾಗಿ ಪ್ರತ್ಯೇಕ ಆವೃತ್ತಿಯನ್ನು ಹೊರತಂದಿತು.

ಗಿರಾಕಿಯ ಅಭ್ಯಾಸವನ್ನು ಅಂಗಡಿಯವನು ಒಪ್ಪಿಕೊಂಡಾಗ ಅದರ ಹೊಣೆ ಮಾತ್ರ ಗಿರಾಕಿಯ ಮೇಲೆ ಬೀಳುವುದಿಲ್ಲ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಲೆಕ್ಕವನ್ನು ಆಧರಿಸಿ ರಾಜ್ಯದ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ನೀಡಿತು. ಸರಕಿನ ವ್ಯಾಪಾರವು ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ಕಾನೂನು, ಅದರಲ್ಲಿ ತಪ್ಪಿಲ್ಲ. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವೇ? ಕೈಗಡವೂ ತಮ್ಮ ಕಳುಹಿಸಿದ ಹಣವೂ ಅದೇ ಫೋನಿಗೆ ಬರುತ್ತದೆ. ಮನೆಯ ಸಾಧನವನ್ನೇ ಅಂಗಡಿಗೆ ತಂದುದರ ತೊಡಕು ಇದು. ಬೆಂಗಳೂರಿನ ಅನೇಕ ಅಂಗಡಿಗಳು ಚೀಟಿಯನ್ನು ಕಿತ್ತು ‘ನಗದು ಮಾತ್ರ’ ಎಂದು ಫಲಕ ಹಾಕಿದವು. ಕಡೆಗೆ, ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸರ್ಕಾರವು ಪ್ರಕಟಿಸಿತು.

ಜಗಳೂರಿನ ಸಂತೆಯಲ್ಲಿ ಈರುಳ್ಳಿ ಮಾರುವ ಒಬ್ಬ ವೃದ್ಧೆಯನ್ನು ಈ ಲೇಖನ ಬರೆಯುವಾಗ ನೆನೆಯದಿರಲಾರೆ. ಆಕೆಯ ತಕ್ಕಡಿಗೆ ಚೀಟಿಯೊಂದನ್ನು ಕಟ್ಟಿತ್ತು. “ದುಡ್ಡು ಬಂದದ್ದು ನಿನಗೆ ಹೇಗೆ ಗೊತ್ತಾಗುತ್ತದೆ ತಾಯಿ?” ಎಂದು ಕೇಳಿದೆನು. “ನಮ್ ಮೊಮ್ಮಗನ ಫೋನಿಗೆ ಹೋಗ್ತತಿ ಸ್ವಾಮಿ. ನಾನು ಗಿರಾಕಿ ಮುಖ ನೋಡ್ತೀನಿ ಅಷ್ಟೆ” ಎಂದಳು. ಸಂತೆ ಮುಗಿದ ಮೇಲೆ ಮೊಮ್ಮಗ ಕೊಟ್ಟಷ್ಟೇ ಆಕೆಯ ಆ ದಿನದ ಗಳಿಕೆ. ಹುಡುಗನು ಒಳ್ಳೆಯವನೆಂದೇ ಆಕೆ ಹೇಳಿದಳು. ನಾನೂ ಅದನ್ನು ನಂಬುತ್ತೇನೆ. ಆದರೂ ಮೊದಲು ಸೆರಗಿನ ಗಂಟಿನಲ್ಲಿರುತ್ತಿದ್ದ ಲೆಕ್ಕವು ಆಕೆಯ ಕೈತಪ್ಪಿದೆ.

ವೃದ್ಧಾಪ್ಯ ವೇತನ ಬರುವ ಆಕೆಯ ಖಾತೆಗೇ ಆ ಚೀಟಿಯನ್ನು ಮಾಡಿಸಬಹುದು. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯೊಂದು ಬೇಕು, ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಮಾಡಿಸಿಕೊಡುವವರು ಬೇಕು. 2022ರ ಮಾರ್ಚ್‌ನಿಂದ ಗುಂಡಿಯೊತ್ತುವ ಹಳೆಯ ಫೋನಿನಲ್ಲಿಯೂ ಯುಪಿಐ ನಡೆಯುವ ಏರ್ಪಾಡು ಬಂದಿದೆ. ಮೊಮ್ಮಗನಿಗೆ ಇದನ್ನು ತಿಳಿಸಿ ಬಂದಿದ್ದೇನೆ, ಮಾಡಿಸುವೆನೆಂದು ಒಪ್ಪಿಕೊಂಡಿದ್ದಾನೆ. ಮುಂದಿನ ಸಲ ಆ ಕಡೆ ಹೋದಾಗ ವಿಚಾರಿಸಬೇಕು.