ಶಿರಾಳಕೊಪ್ಪದಿಂದ ಕಡಲಯಾನ: ಯಾವ ದೋಣಿ, ಯಾವ ಹೊತ್ತು?

ಕ್ರೂಸ್ ಎಂದೊಡನೆ ಮುಂಬೈಯಿಂದ ಹೊರಡುವ ದೊಡ್ಡ ಹಡಗು ಕಣ್ಣಮುಂದೆ ಬರುತ್ತದೆ. ಊಟ, ಆಟ, ಈಜುಕೊಳ ಬೇಕೆನ್ನುವವರಿಗೆ ಅದು ಸರಿ. ಜಾಹೀರಾತಿನ ದರದಲ್ಲಿ ಬಂದರು ಶುಲ್ಕ, ಜಿಎಸ್‌ಟಿ, ಟಿಪ್ಸ್ ಸೇರಿವೆಯೇ ಎಂದು ಕೇಳಿಯೇ ಹಣ ಕಟ್ಟಿ. ಆದರೆ ಗೋವಾಕ್ಕೆ ಹೋಗುವ ಹಡಗು ಸಂಜೆ ಹೊರಟರೆ ರಾತ್ರಿಯಿಡೀ ತೀರದಿಂದ ದೂರದಲ್ಲೇ ಸಾಗುತ್ತದೆ. ಕೋಟೆ ಕೊತ್ತಲ ಕಾಣುವ ಮಾತಿಲ್ಲ. ಬಳ್ಳಿಗಾವಿ, ತಾಳಗುಂದಗಳನ್ನು ಪಕ್ಕದಲ್ಲೇ ಇಟ್ಟುಕೊಂಡ ಶಿರಾಳಕೊಪ್ಪದವರು ಕಡಲಲ್ಲೂ ಹಳೆಯದನ್ನೇ ಹುಡುಕುವುದಾದರೆ ಹೊನ್ನಾವರ ಲೇಸು. ಸೊರಬ, ಸಿದ್ದಾಪುರ, ಮಾವಿನಗುಂಡಿ ದಾಟಿ ಗೇರುಸೊಪ್ಪೆ ಘಟ್ಟ ಇಳಿದರೆ ಮುಂದೆ ಶರಾವತಿಯ ಅಳಿವೆ.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇದೇ ಸೀಮೆಯಲ್ಲಿ ಸಾಗಿದ್ದ. ಗೋವಾದಿಂದ ಸಮುದ್ರದ ಮೇಲೆ ಹೊನ್ನಾವರ, ಅಲ್ಲಿಂದ ಪೋರ್ಚುಗೀಸ್ ರಾಯಭಾರಿಯ ಜತೆ ದೋಣಿಯಲ್ಲಿ ಗೇರುಸೊಪ್ಪೆ, ಆಮೇಲೆ ಘಟ್ಟವೇರಿ ಇಕ್ಕೇರಿಯಲ್ಲಿದ್ದ ಕೆಳದಿ ಅರಸ ವೆಂಕಟಪ್ಪ ನಾಯಕನ ಆಸ್ಥಾನ. ಮಲೆನಾಡಿನ ಕಾಳುಮೆಣಸು ಕಡಲಿಗಿಳಿಯುತ್ತಿದ್ದ ಸೀಮೆಯಿದು.

ಊರಿಗಿಂತ ಹೊತ್ತಿನ ಆಯ್ಕೆ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗಿಳಿಯುವ ಯೋಚನೆಯೇ ಬೇಡ. ನವೆಂಬರ್‌ನಿಂದ ಫೆಬ್ರುವರಿ ಹಿತ, ಮಾರ್ಚ್ ಕಳೆದರೆ ಸೆಖೆ. ದಿನದಲ್ಲಿ ಬೆಳಗ್ಗೆಯೇ ಹೊರಡಿ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಗಾಳಿ ನುಗ್ಗುತ್ತದೆ. ಮಧ್ಯಾಹ್ನದ ತೆರೆಗಳಿಗೆ ಇದೇ ಕಾರಣ. ವಾಂತಿಯಾಗುವವರಿಗೆ ಆ ಹೊತ್ತು ನರಕ.

ಇನ್ನು ಉಬ್ಬರವಿಳಿತ. ಇಳಿತದಲ್ಲಿ ಹೊಳೆಯ ನೀರು ರಭಸದಿಂದ ಹೊರಬರುವಾಗ ಎದುರಿನ ತೆರೆ ಅಳಿವೆಯ ಮರಳುದಿಬ್ಬದ ಮೇಲೆ ಎದ್ದು ಒಡೆಯುತ್ತದೆ. ಸಮುದ್ರಕ್ಕೆ ಹೋಗುವ ದೋಣಿಗೆ ಉಬ್ಬರ ತುಂಬುವ ವೇಳೆ ಒಳ್ಳೆಯದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸಣ್ಣ ಕಾಲುವೆಗಳಿಗೂ ಹಾಗೆಯೇ, ಇಳಿತದಲ್ಲಿ ಅಲ್ಲಿ ಕೆಸರೇ ಹೆಚ್ಚು. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಹೋದ ವಾರ ಹೋಗಿ ಬಂದವರ ಲೆಕ್ಕ ನಿಮಗೆ ಹೊಂದದು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಏರಿಳಿತ ಜೋರು, ಪಂಚಾಂಗವಂತೂ ಮನೆಯಲ್ಲಿದೆ.

ವಯಸ್ಸಾದವರು, ಮಕ್ಕಳಿದ್ದರೆ ಶರಾವತಿಯ ಒಳನೀರು ಸಾಕು. ಗಟ್ಟಿಗರು ಹೊನ್ನಾವರದೆದುರಿನ ಬಸವರಾಜ ದುರ್ಗ ಕೇಳಬಹುದು. ಅದು ಕೆಳದಿ ಅರಸರ ಕೋಟೆಯಿರುವ ದ್ವೀಪ. ಇಳಿಯಲು ಬಿಡುತ್ತಾರೋ, ಬರೀ ಸುತ್ತು ಹಾಕಿಸುತ್ತಾರೋ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಮುರುಡೇಶ್ವರದಿಂದ ಹೋಗುವ ನೇತ್ರಾಣಿ ದ್ವೀಪ ಸ್ಕೂಬಾ ಡೈವಿಂಗ್ ಮಾಡುವವರ ಜಾಗ, ಇತಿಹಾಸದ್ದಲ್ಲ.

ಮುಂಗಡ ಕೊಡುವಾಗ ಯಾನ ರದ್ದಾದರೆ ಹಣ ವಾಪಸ್ಸೇ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ವಿಚಾರಿಸಿ. ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಗಾಳಿ ಎದ್ದು ದೋಣಿ ಹೊರಡದಿದ್ದರೆ ಕುಮಟಾ ಬಳಿಯ ಮಿರ್ಜಾನ್ ಕೋಟೆಗೆ ರಸ್ತೆಯಲ್ಲೇ ಹೋಗಿಬರಬಹುದು.